ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಬೇಕೆ? ಮೊದಲು ಲ್ಯಾಬ್ ನೋಡಿ ಬನ್ನಿ

ಪಿಯುಸಿ ಫಲಿತಾಂಶ ಬಂದು ನಾಲ್ಕು ದಿನ ಕಳೆಯುವಷ್ಟರಲ್ಲಿ ನನಗೆ ಫೋನುಗಳು ಶುರುವಾಗುತ್ತವೆ. "ಸರ್, ಮಗಳಿಗೆ ನೀಟ್‌ನಲ್ಲಿ ಸೀಟು ಬರೋ ಹಾಗೆ ಕಾಣಲ್ಲ. ಬಿ.ಎಸ್ಸಿ. ಹಾಕೋಣ ಅಂತ ಇದೀವಿ. ಯಾವ ಕಾಲೇಜು ಒಳ್ಳೇದು?" ನಾನು ಮಲೆನಾಡಿನ ಒಂದು ಪ್ರಥಮ ದರ್ಜೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು. ಕಾಲೇಜಿನ ಹೆಸರು ಹೇಳುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ: ಕೆಮಿಸ್ಟ್ರಿ ಜೊತೆಗೆ ಇನ್ಯಾವ ಎರಡು ವಿಷಯ? ಅಲ್ಲಿನ ಲ್ಯಾಬ್ ನೋಡಿದ್ದೀರಾ? ಎರಡನೆಯ ಪ್ರಶ್ನೆಗೆ ಇದುವರೆಗೆ "ಹೌದು" ಎಂದವರು ಬೆರಳೆಣಿಕೆಯಷ್ಟೂ ಇಲ್ಲ.

ಥಿಯರಿಯನ್ನು ಮನೆಯಲ್ಲಿ ಕೂತು ಓದಬಹುದು, ಯೂಟ್ಯೂಬಿನಲ್ಲಿ ಕೇಳಬಹುದು. ಬ್ಯೂರೆಟ್ (ದ್ರಾವಣವನ್ನು ಅಳೆದು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ) ಹಿಡಿಯುವುದನ್ನು ಮಾತ್ರ ಹಾಗೆ ಕಲಿಯಲಾಗದು. ಹಾಗಾಗಿ ಈ ಲೇಖನದ ಅರ್ಧಭಾಗ ಲ್ಯಾಬಿನ ಸುತ್ತಲೇ ಇದೆ.

ಹೆಜ್ಜೆ 1: ಯಾವ ಪದವಿ, ಎಷ್ಟು ವರ್ಷ

ಕರ್ನಾಟಕದಲ್ಲಿ ಈ ವಿಷಯದಲ್ಲಿ ಗೊಂದಲವಾಗುವುದು ಸಹಜ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂತು. 2024-25ರಿಂದ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅಣ್ಣ ಓದಿದ್ದು ಒಂದು ಪದ್ಧತಿ, ತಂಗಿ ಓದುವುದು ಇನ್ನೊಂದು. ಅಣ್ಣನ ಹಳೆಯ ನೋಟ್ಸ್ ಪಾಠಕ್ಕೆ ಉಪಯೋಗಕ್ಕೆ ಬರುತ್ತದೆ, ಆದರೆ ಸಿಲಬಸ್ ಪ್ರತಿಯನ್ನು ನಿಮ್ಮ ವಿಶ್ವವಿದ್ಯಾಲಯದ ಜಾಲತಾಣದಿಂದ ಹೊಸದಾಗಿ ಇಳಿಸಿಕೊಳ್ಳಿ. ಪರೀಕ್ಷೆಗೆ ಒಂದು ವಾರ ಇರುವಾಗ "ಇದು ನಮ್ಮ ಸಿಲಬಸ್ಸಲ್ಲೇ ಇಲ್ಲ" ಎಂದು ಕಂಡುಕೊಂಡವರನ್ನು ನಾನು ಕಂಡಿದ್ದೇನೆ.

ರಾಜ್ಯದ ವಿಶ್ವವಿದ್ಯಾಲಯಗಳ ಬಿ.ಎಸ್ಸಿ. ಬಿಟ್ಟು ಬೇರೆ ದಾರಿಗಳೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಲ್ಲಿ ನಾಲ್ಕು ವರ್ಷದ ಪದವಿ ಶುರುವಾಯಿತು. ಅಲ್ಲಿ ಮೊದಲು ಎಲ್ಲರೂ ಭೌತ, ರಸಾಯನ, ಗಣಿತ, ಜೀವವಿಜ್ಞಾನ ಒಟ್ಟಿಗೆ ಓದಿ, ಆಮೇಲೆ ಕೆಮಿಸ್ಟ್ರಿಯನ್ನು ಮುಖ್ಯ ವಿಷಯವಾಗಿ ಆರಿಸಿಕೊಳ್ಳುತ್ತಾರೆ. ಕೊನೆಯ ವರ್ಷ ಸಂಶೋಧನೆಯ ಪ್ರಾಜೆಕ್ಟ್ ಇರುತ್ತದೆ. ಪುಣೆ, ತಿರುಪತಿ, ತಿರುವನಂತಪುರ ಸೇರಿ ಏಳು ಊರುಗಳಲ್ಲಿರುವ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ–ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳಲ್ಲಿ ಐದು ವರ್ಷದ ಬಿ.ಎಸ್.–ಎಂ.ಎಸ್. ಇದೆ. ಇವಕ್ಕೆಲ್ಲ ಪ್ರವೇಶ ಪರೀಕ್ಷೆ ಬೇರೆ, ಅರ್ಜಿಯೂ ಬೇರೆ. ಪಿಯುಸಿ ಫಲಿತಾಂಶ ಬಂದ ಮೇಲೆ ಯೋಚಿಸಿದರೆ ತಡವಾಯಿತು. ಎರಡನೇ ಪಿಯುಸಿ ನಡೆಯುತ್ತಿರುವಾಗಲೇ ಕಣ್ಣಿಟ್ಟಿರಬೇಕು. ಮೇಷ್ಟ್ರಾಗುವ ಆಸೆ ಗಟ್ಟಿಯಾಗಿದ್ದರೆ ಮೈಸೂರಿನ ಮಾನಸಗಂಗೋತ್ರಿ ಪಕ್ಕದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿ.ಎಸ್ಸಿ. ಮತ್ತು ಬಿ.ಎಡ್. ಎರಡನ್ನೂ ನಾಲ್ಕು ವರ್ಷದಲ್ಲಿ ಮುಗಿಸಬಹುದು. ಒಂದು ವರ್ಷ ಉಳಿಯುತ್ತದೆ.

ಉಳಿದ ಹೆಚ್ಚಿನವರ ದಾರಿ ಹತ್ತಿರದ ಕಾಲೇಜೇ. ಅದರಲ್ಲಿ ಕೀಳರಿಮೆ ಬೇಡ. ರಸಾಯನವಿಜ್ಞಾನಿ ಸಿ.ಎನ್.ಆರ್. ರಾವ್ ಅವರು 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿ ಪಡೆದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ. ಆಗ ಅವರಿಗೆ 17 ವರ್ಷ.

ಹೆಜ್ಜೆ 2: ಕಾಂಬಿನೇಷನ್

ಮೂರು ವಿಷಯಗಳ ಕೂಟವನ್ನು ಎಲ್ಲರೂ ಕಾಂಬಿನೇಷನ್ ಎಂದೇ ಕರೆಯುತ್ತಾರೆ. ಭೌತ–ರಸಾಯನ–ಗಣಿತ ಸೇರಿದರೆ ಪಿಸಿಎಂ. ರಸಾಯನ–ಸಸ್ಯ–ಪ್ರಾಣಿಶಾಸ್ತ್ರ ಸೇರಿದರೆ ಸಿಬಿಝಡ್. ಇವಲ್ಲದೆ ಕೆಮಿಸ್ಟ್ರಿ ಜೊತೆ ಬಯೋಟೆಕ್, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ ಕೊಡುವ ಕಾಲೇಜುಗಳೂ ಇವೆ.

ಇಲ್ಲೊಂದು ಎಡವುವ ಜಾಗವಿದೆ. ನಮ್ಮಲ್ಲಿ 'ಪಿಎಂಸಿಎಸ್' ಎಂಬ ಕಾಂಬಿನೇಷನ್ ಇರುತ್ತದೆ, ಬಾಯಿಮಾತಿನಲ್ಲಿ ಕೆಲವರು ಅದನ್ನು 'ಪಿಎಂಸಿ' ಎಂದುಬಿಡುತ್ತಾರೆ. ಆ 'ಸಿ' ಕೆಮಿಸ್ಟ್ರಿಯಲ್ಲ, ಕಂಪ್ಯೂಟರ್ ಸೈನ್ಸ್. ಅರ್ಜಿ ತುಂಬುವ ಸೈಬರ್ ಅಂಗಡಿಯ ಹುಡುಗನಿಗೆ ಈ ವ್ಯತ್ಯಾಸ ಗೊತ್ತಿರಬೇಕೆಂದಿಲ್ಲ. ಸಬ್ಮಿಟ್ ಒತ್ತುವ ಮೊದಲು ಮೂರೂ ವಿಷಯದ ಪೂರ್ತಿ ಹೆಸರನ್ನು ನೀವೇ ಓದಿ.

ಕಾಂಬಿನೇಷನ್ ಮೂರು ವರ್ಷದ ಮಾತಲ್ಲ. ರಾಜ್ಯದ ಪ್ರೌಢಶಾಲಾ ಶಿಕ್ಷಕರ ನೇಮಕಾತಿಯಲ್ಲಿ ವಿಜ್ಞಾನದ ಹುದ್ದೆಗಳೇ ಪಿಸಿಎಂ ಮತ್ತು ಸಿಬಿಝಡ್ ಎಂದು ಹಂಚಿಹೋಗಿರುತ್ತವೆ. ಎರಡಕ್ಕೂ ಸೇರದ ಅಪರೂಪದ ಕಾಂಬಿನೇಷನ್ ಹಿಡಿದು, ಬಿ.ಎಡ್. ಮುಗಿಸಿ, ಅಧಿಸೂಚನೆ ಬಂದ ದಿನ "ನಾನು ಯಾವ ಕಡೆ?" ಎಂದು ಪರದಾಡುವುದು ಬೇಡ. ಶಿಕ್ಷಕ ಹುದ್ದೆಯ ಕನಸಿಲ್ಲದವರಿಗೆ ಈ ಚಿಂತೆ ಇಲ್ಲ; ಔಷಧ ಅಥವಾ ಆಹಾರ ಉದ್ಯಮದ ಕಡೆ ಹೋಗುವವರಿಗೆ ಮೈಕ್ರೋಬಯಾಲಜಿ ಜೊತೆಗಿದ್ದರೆ ಲಾಭವೇ.

ಗಣಿತಕ್ಕೆ ಹೆದರಿ ಸಿಬಿಝಡ್‌ಗೆ ಓಡುವವರಿಗೆ ಒಂದು ಮಾತು. ಕೆಮಿಸ್ಟ್ರಿಯ ಭೌತಿಕ ವಿಭಾಗ, ಅಂದರೆ ಫಿಸಿಕಲ್ ಕೆಮಿಸ್ಟ್ರಿ, ನಿಮ್ಮನ್ನು ಅಲ್ಲಿಗೂ ಹಿಂಬಾಲಿಸಿಕೊಂಡು ಬರುತ್ತದೆ. ಥರ್ಮೋಡೈನಮಿಕ್ಸ್, ಕೈನೆಟಿಕ್ಸ್, ಕ್ವಾಂಟಮ್ ಯಾವುದೂ ತಪ್ಪುವುದಿಲ್ಲ. ಮುಂದೆ ಎಂ.ಎಸ್ಸಿ.ಗೆ ಕೆಲವು ಐಐಟಿಗಳು ಪಿಯುಸಿಯಲ್ಲಾದರೂ ಗಣಿತ ಓದಿರಬೇಕು ಎಂದು ಕೇಳುವುದುಂಟು.

ಹೆಜ್ಜೆ 3: ಲ್ಯಾಬ್ ನೋಡಿ ಬನ್ನಿ

ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಕಾಲೇಜಿಗೆ ಹೋಗಿ. ಆಫೀಸಿನಲ್ಲಿ ಪ್ರಾಸ್ಪೆಕ್ಟಸ್ ಕೊಡುತ್ತಾರೆ, ತೆಗೆದುಕೊಳ್ಳಿ. ಆಮೇಲೆ ಕೆಮಿಸ್ಟ್ರಿ ವಿಭಾಗ ಎಲ್ಲಿದೆ ಎಂದು ಕೇಳಿ. ಬಾಗಿಲ ಬಳಿ ನಿಂತರೆ ಮೂಗಿಗೇ ಅರ್ಧ ಗೊತ್ತಾಗುತ್ತದೆ. ಕೆಲಸ ನಡೆಯುವ ಲ್ಯಾಬಿಗೆ ಒಂದು ವಾಸನೆ ಇರುತ್ತದೆ, ಅಮೋನಿಯಾದ್ದೋ ಅಸಿಟಿಕ್ ಆಮ್ಲದ್ದೋ. ವಾಸನೆಯೇ ಇಲ್ಲದೆ ಬೆಂಚಿನ ಮೇಲೆ ದೂಳು ಕೂತಿದ್ದರೆ ಅಲ್ಲಿ ಪ್ರಯೋಗಗಳು ಬೋರ್ಡಿನ ಮೇಲೆ ನಡೆಯುತ್ತಿವೆ ಎಂದರ್ಥ.

ನೋಡಬೇಕಾದ್ದು ಇಷ್ಟು. ನಲ್ಲಿಯಲ್ಲಿ ನೀರು ಬರುತ್ತಿದೆಯೇ? ಬರ್ನರ್‌ಗೆ ಗ್ಯಾಸ್ ಇದೆಯೇ? ಡಿಸ್ಟಿಲ್ಡ್ ವಾಟರ್ ತಯಾರಿಸುವ ಯಂತ್ರ ಓಡುತ್ತಿದೆಯೇ, ಅಥವಾ ಕ್ಯಾನಿನಲ್ಲಿ ತರಿಸುತ್ತಾರೆಯೇ? ತೂಕದ ಎಲೆಕ್ಟ್ರಾನಿಕ್ ತಕ್ಕಡಿ ಎಷ್ಟು ಮಂದಿಗೆ ಒಂದು? ಫ್ಯೂಮ್ ಹುಡ್ (ವಿಷಗಾಳಿಯನ್ನು ಹೊರಗೆಳೆಯುವ ಗೂಡು) ಇದ್ದರೆ ಅದರ ಫ್ಯಾನ್ ತಿರುಗುತ್ತದೆಯೇ, ಅಥವಾ ಒಳಗೆ ಹಳೇ ಪೇಪರ್ ಕಟ್ಟು ಇಟ್ಟಿದ್ದಾರೆಯೇ? ಬೆಂಕಿ ನಂದಿಸುವ ಸಿಲಿಂಡರಿನ ಮೇಲಿನ ತಾರೀಕು ಓದಿ. ಕೊನೆಯದಾಗಿ, ಅಲ್ಲಿ ಓದುತ್ತಿರುವ ಒಬ್ಬ ವಿದ್ಯಾರ್ಥಿಯನ್ನು ಹಿಡಿದು ಕೇಳಿ: "ಒಂದು ಬ್ಯೂರೆಟ್ ಎಷ್ಟು ಜನ ಹಂಚಿಕೊಳ್ತೀರಾ?" ಒಬ್ಬರಿಗೊಂದು ಎಂದರೆ ಕಣ್ಣು ಮುಚ್ಚಿ ಸೇರಿ. ಇಬ್ಬರಿಗೊಂದು ಎಂದರೂ ಸರಿ. ನಾಲ್ವರಿಗೊಂದು ಎಂದರೆ ಒಬ್ಬ ಮಾಡುತ್ತಾನೆ, ಮೂವರು ಬರೆದುಕೊಳ್ಳುತ್ತಾರೆ.

ಕೇಳಬೇಕಾದ ಇನ್ನೊಂದು ಸಂಗತಿ, ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು. ಅತಿಥಿ ಉಪನ್ಯಾಸಕರು ಚೆನ್ನಾಗಿ ಪಾಠ ಮಾಡುವುದಿಲ್ಲ ಎಂದು ದಯವಿಟ್ಟು ತಿಳಿಯಬೇಡಿ, ನಾನೇ ಏಳು ವರ್ಷ ಆ ಕೆಲಸ ಮಾಡಿದವನು. ಆದರೆ ಅವರ ನೇಮಕಾತಿ ತಡವಾದ ವರ್ಷ ಸೆಮಿಸ್ಟರ್ ಶುರುವಾಗಿ ವಾರಗಳಾದರೂ ಪೀರಿಯಡ್ ಖಾಲಿ ಹೋಗುತ್ತದೆ, ಮೊದಲ ಪೆಟ್ಟು ಬೀಳುವುದು ಪ್ರಾಕ್ಟಿಕಲ್‌ಗೆ.

ಹೆಜ್ಜೆ 4: ಅರ್ಜಿ ಮತ್ತು ಕಾಗದಪತ್ರ

ಸರ್ಕಾರಿ ವಿಶ್ವವಿದ್ಯಾಲಯಗಳ ಬಹುತೇಕ ಕಾಲೇಜುಗಳಿಗೆ ಯುಯುಸಿಎಂಎಸ್ ಪೋರ್ಟಲ್ ಮೂಲಕ ಅರ್ಜಿ. ನಿಮ್ಮ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಆಧಾರ್‌ನಲ್ಲೂ ಇರಲಿ. ಇನಿಷಿಯಲ್ ಮುಂದೆಯೋ ಹಿಂದೆಯೋ ಎಂಬುದು ಮೂರು ವರ್ಷದ ನಂತರ ಪದವಿ ಪ್ರಮಾಣಪತ್ರದ ಹೊತ್ತಿಗೆ ದೊಡ್ಡ ತಲೆನೋವಾಗುತ್ತದೆ. ಜಾತಿ–ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಮೊದಲೇ ಅರ್ಜಿ ಹಾಕಿ, ಅದರ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರವನ್ನು ಓದಿದ ಶಾಲೆಯಿಂದ, ಕಲ್ಯಾಣ ಕರ್ನಾಟಕದವರು 371ಜೆ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಯಿಂದ ಈಗಲೇ ಮಾಡಿಸಿಡಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಬೇರೆ ಪೋರ್ಟಲ್, ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕು.

ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ 1ರಷ್ಟು ವಿದ್ಯಾರ್ಥಿಗಳಲ್ಲಿ ನೀವಿದ್ದು ಮೂಲವಿಜ್ಞಾನ ಓದುತ್ತಿದ್ದರೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನದ ಪ್ರಕಟಣೆ ಬಂದಿದೆಯೇ ನೋಡುತ್ತಿರಿ. ವರ್ಷಕ್ಕೆ 80,000 ರೂಪಾಯಿಯ ಯೋಜನೆ ಅದು. ಅರ್ಹತೆ ಇದ್ದೂ ಗೊತ್ತಿಲ್ಲದೆ ಬಿಟ್ಟವರು ಹಳ್ಳಿ ಕಡೆ ಬಹಳ.

ಹೆಜ್ಜೆ 5: ಮೊದಲ ಸೆಮಿಸ್ಟರಿನ ಎರಡು ಗೋಡೆ

ಮೊದಲನೆಯದು ಇಂಗ್ಲಿಷ್. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ಹೇಗೋ ದಾಟಿಬಂದವರು ಇಲ್ಲಿ ಮತ್ತೆ ಮುಗ್ಗರಿಸುತ್ತಾರೆ. ನಾನೂ ಮುಗ್ಗರಿಸಿದವನೇ. ನನಗೆ ಉಪಾಯ ಹೇಳಿಕೊಟ್ಟದ್ದು ಲ್ಯಾಬ್ ಅಟೆಂಡರ್ ಆಗಿದ್ದ ಒಬ್ಬ ಹಿರಿಯರು: ಒಂದು ಉದ್ದ ನೋಟ್‌ಬುಕ್, ನಡುವೆ ಗೆರೆ. ಎಡಕ್ಕೆ ಉತ್ಕರ್ಷಣ, ಬಲಕ್ಕೆ ಆಕ್ಸಿಡೇಷನ್. ಎಡಕ್ಕೆ ಪ್ರಕ್ಷೇಪ, ಬಲಕ್ಕೆ ಪ್ರೆಸಿಪಿಟೇಟ್. ಎಡಕ್ಕೆ ದ್ರಾವ್ಯ, ದ್ರಾವಕ, ದ್ರಾವಣ. ಬಲಕ್ಕೆ ಸಾಲ್ಯೂಟ್, ಸಾಲ್ವೆಂಟ್, ಸಲ್ಯೂಷನ್. ಹೊಸದಾಗಿ ಕಲಿಯುತ್ತಿಲ್ಲ, ಗೊತ್ತಿದ್ದದ್ದಕ್ಕೇ ಇನ್ನೊಂದು ಹೆಸರು ಇಡುತ್ತಿದ್ದೇವೆ ಎನ್ನುವುದು ಮನಸ್ಸಿಗೆ ಬಂದ ಮೇಲೆ ಹೆದರಿಕೆ ಇಳಿಯಿತು. ಉತ್ತರವನ್ನು ಚಿಕ್ಕ ಚಿಕ್ಕ ವಾಕ್ಯದಲ್ಲಿ ಬರೆಯಿರಿ. ಸಮೀಕರಣ, ಚಿತ್ರ, ಗ್ರಾಫ್ ಸರಿಯಿದ್ದರೆ ವ್ಯಾಕರಣಕ್ಕೆ ಯಾರೂ ಅಂಕ ಕಳೆಯುವುದಿಲ್ಲ; ಮೌಲ್ಯಮಾಪನಕ್ಕೆ ಕೂತವನಾಗಿ ಹೇಳುತ್ತಿದ್ದೇನೆ.

ಎರಡನೆಯದು ಗಣಿತ, ಸಿಬಿಝಡ್‌ನವರಿಗೆ ವಿಶೇಷವಾಗಿ. ಇಡೀ ಕ್ಯಾಲ್ಕುಲಸ್ ಬೇಕಿಲ್ಲ. ಲಾಗರಿದಂ ಚೆನ್ನಾಗಿ ಬರಬೇಕು. ಡಿಫರೆನ್ಷಿಯೇಷನ್ ಅಂದರೆ ಇಳಿಜಾರು, ಇಂಟಿಗ್ರೇಷನ್ ಅಂದರೆ ಕೂಡಿಸುವುದು ಎಂಬಷ್ಟು ಅರ್ಥವಾಗಿ, ಎಕ್ಸ್‌ನ ಘಾತಗಳನ್ನೂ 1/ಎಕ್ಸ್ ಅನ್ನೂ ಇಂಟಿಗ್ರೇಟ್ ಮಾಡಲು ಬಂದರೆ ಮೊದಲೆರಡು ವರ್ಷ ದಾಟಬಹುದು. ಮೊದಲ ದರ್ಜೆಯ ಕ್ರಿಯೆಯ ಸೂತ್ರದಲ್ಲಿ 2.303 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿದರೆ ಮುಕ್ಕಾಲು ತರಗತಿ ನೆಲ ನೋಡುತ್ತದೆ. ಸಹಜ ಲಾಗ್ ಅನ್ನು ಹತ್ತರ ಲಾಗ್‌ಗೆ ತಿರುಗಿಸಿದ್ದರಿಂದ ಬಂದದ್ದು, ಅಷ್ಟೇ. ಪಿಸಿಎಂ ಓದುವ ಗೆಳೆಯನನ್ನು ಕ್ಯಾಂಟೀನಿನಲ್ಲಿ ಒಂದು ಟೀ ಕೊಡಿಸಿ ಕೂರಿಸಿಕೊಂಡರೆ ನಾಲ್ಕು ಸಂಜೆಯ ಕೆಲಸ ಇದು.

ಹೆಜ್ಜೆ 6: ಲ್ಯಾಬಿನೊಳಗೆ

ವಾರಕ್ಕೆ ಒಂದು ದಿನ ಮೂರು–ನಾಲ್ಕು ಗಂಟೆ. ಹತ್ತಿಯ ಲ್ಯಾಬ್ ಕೋಟ್, ಮುಚ್ಚಿದ ಶೂ. ಪಾಲಿಯೆಸ್ಟರ್ ಕೋಟ್ ಅಗ್ಗಕ್ಕೆ ಸಿಗುತ್ತದೆ, ಬೆಂಕಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ, ಬೇಡ. ಜಡೆ, ದುಪಟ್ಟಾ ಹಿಂದಕ್ಕೆ ಕಟ್ಟಿ. ಸಲ್ಫ್ಯೂರಿಕ್ ಆಮ್ಲವನ್ನು ತೆಳುವಾಗಿಸುವಾಗ ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಹಾಕಬೇಡಿ. ಪಿಪೆಟ್ಟಿಗೆ (ದ್ರವವನ್ನು ಅಳತೆಗೆ ಎಳೆದುಕೊಳ್ಳುವ ಗಾಜಿನ ನಳಿಕೆ) ರಬ್ಬರ್ ಬಲ್ಬ್ ಬಳಸಿ. ನಮ್ಮ ಕಾಲದಲ್ಲಿ ಬಾಯಲ್ಲೇ ಎಳೆಯುತ್ತಿದ್ದೆವು, ನನ್ನ ಸಹಪಾಠಿಯೊಬ್ಬ ಕಾಸ್ಟಿಕ್ ಸೋಡಾ ಎಳೆದುಕೊಂಡು ಹದಿನೈದು ದಿನ ಗಂಜಿ ಕುಡಿದ.

ಟೈಟ್ರೇಷನ್, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಸೇರಿಸಿ ಅದರ ಪ್ರಮಾಣ ಅಳೆಯುವುದು, ಎಲ್ಲದರ ತಾಯಿ. ಪೊಟ್ಯಾಸಿಯಂ ಪರ್ಮಾಂಗನೇಟನ್ನು ಆಕ್ಸಾಲಿಕ್ ಆಮ್ಲದ ಎದುರು ಟೈಟ್ರೇಟ್ ಮಾಡುವುದನ್ನೇ ತೆಗೆದುಕೊಳ್ಳಿ. ಎಲ್ಲರೂ ಮಾಡುತ್ತಾರೆ, ಯಾಕೆ ಹೀಗೆ ಎಂದು ಕೇಳಿಕೊಳ್ಳುವವರು ಕಡಿಮೆ. ಕಾನಿಕಲ್ ಫ್ಲಾಸ್ಕನ್ನು ಸುಮಾರು 60 ಡಿಗ್ರಿಗೆ ಬಿಸಿ ಮಾಡುವುದು ಯಾಕೆ? ತಣ್ಣಗಿದ್ದರೆ ಕ್ರಿಯೆ ತೀರಾ ನಿಧಾನ. ತುಂಬಾ ಕಾದರೆ ಆಕ್ಸಾಲಿಕ್ ಆಮ್ಲವೇ ಒಡೆಯುತ್ತದೆ. ಮೊದಲ ಹನಿಯ ಬಣ್ಣ ಹೋಗಲು ತಡವಾಗಿ, ಆಮೇಲಿನ ಹನಿಗಳು ಫಕ್ಕನೆ ಮಾಯವಾಗುವುದು ಯಾಕೆ? ಕ್ರಿಯೆಯಲ್ಲಿ ಹುಟ್ಟಿದ ಮ್ಯಾಂಗನೀಸ್ ಅಯಾನೇ ಕ್ರಿಯಾವರ್ಧಕವಾಗಿ ಕೆಲಸಕ್ಕೆ ನಿಲ್ಲುತ್ತದೆ. ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೇನು? ಪರ್ಮಾಂಗನೇಟ್ ಕ್ಲೋರೈಡನ್ನೂ ಉತ್ಕರ್ಷಿಸಿಬಿಡುತ್ತದೆ, ಲೆಕ್ಕ ತಪ್ಪುತ್ತದೆ. ನೈಟ್ರಿಕ್ ಆಮ್ಲ? ಅದು ತಾನೇ ಉತ್ಕರ್ಷಕ. ಫ್ಲಾಸ್ಕಿನಲ್ಲಿ ಕಂದು ಬಣ್ಣ ಕಂಡರೆ? ಆಮ್ಲ ಸಾಲದಾಗಿದೆ ಅಥವಾ ನೀವು ಹನಿಗಳನ್ನು ಅವಸರದಲ್ಲಿ ಬಿಟ್ಟಿದ್ದೀರಿ. ಕಡು ನೇರಳೆ ದ್ರಾವಣದ ಕೆಳ ಅಂಚು ಕಾಣದ ಕಾರಣ ಬ್ಯೂರೆಟ್ಟಿನಲ್ಲಿ ಮೇಲಿನ ಅಂಚನ್ನೇ ಓದಬೇಕು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳುವುದು ಈ ಪ್ರಶ್ನೆಗಳನ್ನೇ. ಬ್ಯೂರೆಟ್ ಕೈಯಲ್ಲಿ ಹಿಡಿದಾಗ ಉತ್ತರ ತಿಳಿದವರಿಗೆ ಬಾಯಿಪಾಠ ಬೇಕಿಲ್ಲ.

ರೀಡಿಂಗ್ ವಿಷಯದಲ್ಲಿ ಒಂದು ಕೆಟ್ಟ ಸಂಪ್ರದಾಯ ಎಲ್ಲ ಕಡೆ ಇದೆ. ಒಂದು ರೀಡಿಂಗ್ ನಿಜವಾಗಿ ತೆಗೆದು, ಉಳಿದೆರಡನ್ನು ಅದಕ್ಕೆ ಹೊಂದುವಂತೆ ಬರೆದುಬಿಡುವುದು. ಹಿರಿಯ ವಿದ್ಯಾರ್ಥಿಗಳೇ ಕಲಿಸಿಕೊಡುತ್ತಾರೆ. ನನಗೆ 10.2, 10.6, 10.3 ಎಂದು ಬರೆದ ಹುಡುಗಿ ಹೆಚ್ಚು ಇಷ್ಟ. ನಾಲ್ಕನೆಯ ಸಲ ಮಾಡಲು ಅವಳಿಗೆ ಹೇಳಬಹುದು. ಮೂರೂ ಕಡೆ 10.4 ಬರೆದವನಿಗೆ ಏನು ಹೇಳುವುದು?

ಸಾಲ್ಟ್ ಅನಾಲಿಸಿಸ್‌ನಲ್ಲಿ (ಕೊಟ್ಟ ಲವಣ ಯಾವುದೆಂದು ಪತ್ತೆಹಚ್ಚುವುದು) ಟೆಸ್ಟ್ ಟ್ಯೂಬ್ ಚೊಕ್ಕಟವಾಗಿದ್ದರೆ ಅರ್ಧ ಗೆದ್ದಂತೆ. ನೈಟ್ರೇಟಿನ ಕಂದು ಉಂಗುರ ಬಾರದೆ ಅಳುವವರು ಸಾಮಾನ್ಯವಾಗಿ ಟ್ಯೂಬನ್ನು ಅಲುಗಿಸಿದವರು. ಸಲ್ಫ್ಯೂರಿಕ್ ಆಮ್ಲವನ್ನು ಗೋಡೆಯ ಗುಂಟ ಮೆಲ್ಲಗೆ ಇಳಿಸಬೇಕು. ಆರ್ಗ್ಯಾನಿಕ್ ತಯಾರಿಕೆಯಲ್ಲಿ, ಉದಾಹರಣೆಗೆ ಅಸಿಟನಿಲೈಡ್ ಅಥವಾ ಆಸ್ಪಿರಿನ್, ಹರಳು ದೊಡ್ಡದಾಗಿ ಬರಬೇಕೆಂದರೆ ಬಿಸಿ ದ್ರಾವಣವನ್ನು ಮುಟ್ಟದೆ ಆರಲು ಬಿಡಿ. ಅಸಿಟನಿಲೈಡ್ 114 ಡಿಗ್ರಿಯ ಸುತ್ತ ಚುರುಕಾಗಿ ಕರಗಿದರೆ ಶುದ್ಧ. ಕೆಳಗೇ ಶುರುವಾಗಿ ಎಳೆದಾಡಿದರೆ ಕಲ್ಮಶ ಇದೆ, ಇನ್ನೊಮ್ಮೆ ಹರಳುಗಟ್ಟಿಸಿ. ಎಸ್ಟರ್ ಒಡೆಯುವ ವೇಗ ಅಳೆಯುವ ಪ್ರಯೋಗಕ್ಕೆ ಮಾತ್ರ ಇಬ್ಬರು ಬೇಕು: ಒಬ್ಬರ ಕಣ್ಣು ಗಡಿಯಾರದ ಮೇಲೆ, ಒಬ್ಬರ ಕೈ ಪಿಪೆಟ್ಟಿನ ಮೇಲೆ. ಐಸ್ ಹಾಕಿದ ನೀರು ಮೊದಲೇ ತಯಾರಿರಲಿ.

ರೆಕಾರ್ಡ್ ಅಂದಂದೇ ಬರೆಯಿರಿ. ಪರೀಕ್ಷೆ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಐದು ಜನ ಕೂತು ಒಂದೇ ರೆಕಾರ್ಡ್ ಇಳಿಸುವ ದೃಶ್ಯ ನೋಡಲು ಚೆಂದ, ಅಂಕಕ್ಕೆ ಚೆಂದವಲ್ಲ.

ಹೆಜ್ಜೆ 7: ಸೆಮಿಸ್ಟರುಗಳನ್ನು ದಾಟುವುದು

ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಕ್ರಮ ಬದಲಾದರೂ ಒಟ್ಟು ಹರಿವು ಹತ್ತಿರಹತ್ತಿರ ಒಂದೇ. ಮೊದಲ ವರ್ಷ ಪರಮಾಣು ರಚನೆ, ಬಂಧ, ಆವರ್ತಕ ಗುಣ, ಅನಿಲ, ಆರ್ಗ್ಯಾನಿಕ್ ಕ್ರಿಯೆಗಳ ಮೆಕ್ಯಾನಿಸಂ. ಎರಡನೇ ವರ್ಷ ಥರ್ಮೋಡೈನಮಿಕ್ಸ್, ಫೇಸ್ ರೂಲ್, ಆಲ್ಕೊಹಾಲ್–ಫಿನಾಲ್ ಬಳಗ. ಮೂರನೇ ವರ್ಷ ಕೋಆರ್ಡಿನೇಷನ್ ಸಂಯುಕ್ತಗಳು, ಸ್ಪೆಕ್ಟ್ರೋಸ್ಕೋಪಿ, ಎಲೆಕ್ಟ್ರೋಕೆಮಿಸ್ಟ್ರಿ, ಕ್ವಾಂಟಮ್. ಮೊದಲ ವರ್ಷದ ಮೆಕ್ಯಾನಿಸಂ ಮತ್ತು ಸ್ಟೀರಿಯೋಕೆಮಿಸ್ಟ್ರಿ ಕೈಕೊಟ್ಟರೆ ಮುಂದಿನ ಎರಡು ವರ್ಷ ಆರ್ಗ್ಯಾನಿಕ್ ಅನ್ನು ಕಂಠಪಾಠ ಮಾಡುತ್ತಲೇ ಇರಬೇಕಾಗುತ್ತದೆ. ಹಾಜರಾತಿ ಶೇ 75ಕ್ಕಿಂತ ಕೆಳಗಿಳಿಸಬೇಡಿ, ಇಂಟರ್ನಲ್ಸ್ ಅಂಕ ಹಗುರವಾಗಿ ಬಿಡಬೇಡಿ, ಇಷ್ಟು ಸಾಕು.

ಎರಡನೇ ವರ್ಷದ ಬೇಸಿಗೆ ರಜೆಯಲ್ಲಿ ಎಲ್ಲಾದರೂ ಸಂಶೋಧನಾ ಲ್ಯಾಬಿಗೆ ಕಾಲಿಡಲು ನೋಡಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆಯ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಇಂಥದ್ದೊಂದಿದೆ. ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯಲ್ಲಿ. ಅದರಲ್ಲಿ ಒಂದು ಪುಟ ಬರೆಯಬೇಕಾಗುತ್ತದೆ, ನಿಮಗೆ ಯಾವುದರಲ್ಲಿ ಆಸಕ್ತಿ ಎಂದು. ಅಂತರ್ಜಾಲದಿಂದ ಎತ್ತಿದ ದೊಡ್ಡ ಮಾತು ಬೇಡ. ಊರಿನ ಬೋರ್‌ವೆಲ್ ನೀರಿನ ಗಡಸುತನವನ್ನು ಇಡಿಟಿಎ ಟೈಟ್ರೇಷನ್‌ನಲ್ಲಿ ಅಳೆದಿದ್ದರೆ ಅದನ್ನೇ ಬರೆಯಿರಿ.

ಹೆಜ್ಜೆ 8: ಮುಂದೇನು

ಬಿ.ಎಸ್ಸಿ.ಗೇ ನಿಲ್ಲುವವರಿಗೆ ಔಷಧ ಕಾರ್ಖಾನೆಗಳ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಅಥವಾ ಉತ್ಪಾದನಾ ವಿಭಾಗ ಮುಖ್ಯ ಬಾಗಿಲು. ಬೊಮ್ಮಸಂದ್ರ, ಜಿಗಣಿ, ನಂಜನಗೂಡು, ಬೀದರ್ ಕಡೆ ಇಂಥ ಕೆಲಸ ಸಿಗುತ್ತದೆ. ಪಾಳಿ ಕೆಲಸ, ಶುರುವಿನ ಸಂಬಳ ಸಾಧಾರಣ. ಎಚ್‌ಪಿಎಲ್‌ಸಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ) ಯಂತ್ರ ನಡೆಸಲು ಕಲಿತ ಮೇಲೆ ಬೆಲೆ ಬರುತ್ತದೆ. ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಗೆ ಬರೀ ಕೆಮಿಸ್ಟ್ರಿ ಬಿ.ಎಸ್ಸಿ. ಸಾಲದು, ಕೆಮಿಸ್ಟ್ರಿಯಲ್ಲಿ ಬರುವುದಾದರೆ ಎಂ.ಎಸ್ಸಿ. ಬೇಕು. ಇದು ಗೊತ್ತಿಲ್ಲದೆ ಕೋಚಿಂಗ್‌ಗೆ ದುಡ್ಡು ಕಟ್ಟಿದವರಿದ್ದಾರೆ.

ಎಂ.ಎಸ್ಸಿ.ಗೆ ನಮ್ಮ ವಿಶ್ವವಿದ್ಯಾಲಯಗಳ ಸೀಟಿನ ಜೊತೆಗೆ ಜಾಮ್ ಪರೀಕ್ಷೆಯನ್ನೂ ಬರೆಯಿರಿ. ಐಐಟಿಗಳ ಎಂ.ಎಸ್ಸಿ.ಗೂ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಅದೇ ದಾರಿ. ಕೆಮಿಸ್ಟ್ರಿ ಪತ್ರಿಕೆ 3 ಗಂಟೆ, 60 ಪ್ರಶ್ನೆ, 100 ಅಂಕ. ಪರೀಕ್ಷೆ ಫೆಬ್ರುವರಿಯಲ್ಲಿ, ಅಂದರೆ ಅಂತಿಮ ವರ್ಷದ ನಡುವೆಯೇ. ಒಂದು ಸರಿ ಉತ್ತರದ ಪ್ರಶ್ನೆಗಳಲ್ಲಿ ತಪ್ಪಿದರೆ ಅಂಕ ಕಳೆಯುತ್ತಾರೆ. ಸಂಖ್ಯೆಯಲ್ಲಿ ಉತ್ತರ ಬರೆಯುವ ವಿಭಾಗದಲ್ಲಿ ಕಳೆಯುವುದಿಲ್ಲ, ಹಾಗಾಗಿ ಅದನ್ನು ಖಾಲಿ ಬಿಡಬೇಡಿ. ಐದನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಲು ಕೂತರೆ ಸಮಯ ಸಾಕಾಗುತ್ತದೆ.

ಆರನೇ ಸೆಮಿಸ್ಟರ್ ಮುಗಿದ ಮೇಲೆ ಟಿ.ಸಿ.ಗೆ ಹೋದರೆ ಆಫೀಸಿನವರು ನೋ ಡ್ಯೂಸ್ ಕೇಳುತ್ತಾರೆ. ಲೈಬ್ರರಿಯಲ್ಲಿ ಸಹಿ ಬೇಗ ಸಿಗುತ್ತದೆ. ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಮಾತ್ರ ಹಳೇ ಬ್ರೇಕೇಜ್ ಪುಸ್ತಕ ತೆಗೆದು, ಮೊದಲ ಸೆಮಿಸ್ಟರಿನಲ್ಲಿ ನೀವು ಒಡೆದ ಪಿಪೆಟ್ಟಿನ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಚಿಲ್ಲರೆ ಜೊತೆಗಿಟ್ಟುಕೊಂಡು ಹೋಗಿ.